ಕೌಸಲ್ಯಾ ಅವರ ಗಂಜಿ ಸೀರೆ

ಹಿಲ್ಸ್‌ಬರೋದ ನಮ್ಮ ಬೀದಿಯಲ್ಲಿ ಕೌಸಲ್ಯಾ ಕಣ್ಣಿಗೆ ಬೀಳುವುದಕ್ಕಿಂತ ಮೊದಲು ಕಿವಿಗೆ ಬೀಳುತ್ತಾರೆ. ಗಂಜಿ ಹಾಕಿದ ಕಾಟನ್ ಸೀರೆಯ ಸರಬರ ಸದ್ದು ಅದು. ಮೇಲೆ ದಪ್ಪ ಕೋಟು, ಕೆಳಗೆ ಸ್ನೋ ಬೂಟು, ನಡುವೆ ಒಂದಿಷ್ಟೂ ಮುರಿಯದ ನೆರಿಗೆ. ತರಕಾರಿ ತರುವುದಕ್ಕೂ ಹಾಗೆಯೇ, ಹಲ್ಲಿನ ಡಾಕ್ಟರ ಹತ್ತಿರವೂ ಹಾಗೆಯೇ. ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡಿ ರಿಟೈರ್ ಆದವರು. ಕಾರಿಡಾರಿನಲ್ಲಿ ಸೀರೆಯ ಸದ್ದಾದರೆ ಹುಡುಗರೆಲ್ಲ ಫೋನನ್ನು ಜೇಬಿಗೆ ಸೇರಿಸುತ್ತಿದ್ದರಂತೆ. ಇದನ್ನು ಹೇಳಿದವರು ಅವರೇ ಆದ್ದರಿಂದ ನಾನು ಸ್ವಲ್ಪ ಕಳೆದು ನಂಬಿದ್ದೇನೆ.

ನಾನು ಜಲಜಾಕ್ಷಿ, ಅವರ ಪಕ್ಕದ ಮನೆಯವಳು. ಉಡುಪಿ ಕಡೆಯಿಂದ ಬಂದು, ವರ್ಷಗಟ್ಟಲೆ ಮೋಟೆಲ್ ನಡೆಸಿ ಸುಸ್ತಾಗಿ, ಈಗ ಎಲಾಸ್ಟಿಕ್ ಪ್ಯಾಂಟಿನಲ್ಲಿ ಪರಮಸುಖಿ. ಈ ವಯಸ್ಸಿನಲ್ಲಿ ಯಾರು ನೋಡಲಿ ಎಂದು ಇಷ್ಟೊಂದು ಗಂಜಿ ಅಂತ ಒಮ್ಮೆ ಕೇಳಿದ್ದೆ. ಗಂಜಿ ಇಲ್ಲದ ಸೀರೆ ಉಟ್ಟರೆ ತಾನು ಯಾರೋ ಬೇರೆಯವಳು ಅನ್ನಿಸುತ್ತದೆ ಎಂದರು. ನಗುತ್ತಾ ಹೇಳಿದ ಮಾತಾಗಿರಲಿಲ್ಲ. ನಾನೂ ಮತ್ತೆ ಕೆಣಕಲಿಲ್ಲ.

ಈ ಜನವರಿಯಲ್ಲಿ ಅವರ ಮನೆಯ, ಬಟ್ಟೆ ಒಣಗಿಸುವ ಗ್ಯಾಸ್ ಡ್ರೈಯರ್ ಕೈಕೊಟ್ಟಿತು. ಡ್ರಮ್ಮು ಗರಗರ ತಿರುಗುತ್ತದೆ, ಮೊದಲಿಗೆ ಬಿಸಿಯೂ ಆಗುತ್ತದೆ, ಆಮೇಲೆ ತಣ್ಣಗೆ. ಒಂದು ಗಂಟೆ ತಿರುಗಿಸಿದರೂ ಟವೆಲ್ಲುಗಳು ಒದ್ದೆಮುದ್ದೆ. ಕೌಸಲ್ಯಾ ಮೆಕ್ಯಾನಿಕ್‌ನನ್ನು ಕರೆಯೋಣ ಎಂದರು. ಅವರ ಯಜಮಾನರು ಅಶ್ವತ್ಥನಾರಾಯಣ ಅದನ್ನು ಅವಮಾನವೆಂದು ತಿಳಿದರು. ಮ್ಯಾನ್‌ಹಟನ್ನಿನ ಬ್ಯಾಂಕೊಂದರ ಕಂಪ್ಯೂಟರುಗಳನ್ನು ನೋಡಿಕೊಳ್ಳಲು ಕತ್ತಲಲ್ಲಿ ಟ್ರೈನು ಹಿಡಿದು ಹೋಗಿ ಕತ್ತಲಲ್ಲಿ ಬರುತ್ತಿದ್ದ ಮನುಷ್ಯ ಅವರು. ಕಳೆದ ಬೇಸಿಗೆಯಲ್ಲಿ ರಿಟೈರ್ ಆದ ಮೇಲೆ, ಮನೆಯಲ್ಲಿ ಏನಾದರೂ ಕೆಡಬಾರದೇ ಎಂದು ಕಾದು ಕೂತಿದ್ದರು.

ಬೇಸ್‌ಮೆಂಟಿನ ನೆಲದ ಮೇಲೆ ಬೋರಲು ಮಲಗಿ, ಡ್ರೈಯರಿನ ಕೆಳಗಿನ ಸಣ್ಣ ಕಿಂಡಿಯಿಂದ ಉರಿಯನ್ನು ನೋಡಿದರು. ಉರಿ ಹತ್ತುತ್ತಿತ್ತು, ಬೇಗನೆ ಆರುತ್ತಿತ್ತು, ಮತ್ತೆ ಹತ್ತುವುದಕ್ಕೆ ಸತಾಯಿಸುತ್ತಿತ್ತು. ಗ್ಯಾಸು ಬಿಡುವ ವಾಲ್ವಿನ ಕಾಯಿಲ್ ಬಿಸಿಯಾದಾಗ ಸೋಲುತ್ತಿದೆ ಎಂದು ವೀಡಿಯೋಗಳೆಲ್ಲ ಒಕ್ಕೊರಲಿನಿಂದ ಹೇಳಿದವು. ಕಾಯಿಲ್ ತರಿಸಿದರು. ಪೈಪಿನ ಗ್ಯಾಸು ನಿಲ್ಲಿಸಿ, ಪ್ಲಗ್ ಕಿತ್ತು, ಕೈ ಗೀಚಿಸಿಕೊಂಡು ಹೊಸದನ್ನು ಕೂರಿಸಿದರು. ಅದನ್ನು ನೋಡುವುದಕ್ಕೆಂದೇ ನನ್ನನ್ನೂ ಕರೆದು ಕಾಫಿ ಕೊಟ್ಟರು. ಬಟನ್ ಒತ್ತಿದರು. ಮೊದಲು ಬಿಸಿ, ಆಮೇಲೆ ತಣ್ಣಗೆ.

ನಾನು ಮೋಟೆಲ್ಲಿನ ಲಾಂಡ್ರಿ ನೋಡಿಕೊಂಡವಳಾದರೂ ಬಾಯಿ ಬಿಡಲಿಲ್ಲ. ಗಂಡಸರು ಯಂತ್ರದ ಹೊಟ್ಟೆಯೊಳಗೆ ತಲೆ ತೂರಿಸಿರುವಾಗ ಸಲಹೆ ಕೊಡುವ ಹುಂಬತನ ನನಗಿಲ್ಲ. ಆದರೆ ಮರುದಿನ ಬೆಳಿಗ್ಗೆ ನನ್ನ ಅಡಿಗೆಮನೆಯ ಕಿಟಕಿಯಿಂದ ಅವರ ಗೋಡೆ ಕಂಡಿತು. ಡ್ರೈಯರಿನ ಬಿಸಿಗಾಳಿ ಹೊರಬರುವ ಆ ಜಾಗದಲ್ಲಿ ಎಷ್ಟು ಸ್ನೋ ಬಿದ್ದರೂ ಒಂದು ತಟ್ಟೆಯಗಲ ಹುಲ್ಲು ಹಸಿರಾಗಿಯೇ ಇರುತ್ತಿತ್ತು, ಅಳಿಲುಗಳು ಅಲ್ಲಿ ಚಳಿ ಕಾಯಿಸುತ್ತಿದ್ದವು. ಈಗ ಹುಲ್ಲೂ ಇಲ್ಲ, ಅಳಿಲೂ ಇಲ್ಲ, ಬರೀ ಬಿಳಿ. ಫೋನ್ ಮಾಡಿ ಹೇಳಿದೆ. ಗಾಳಿ ಹೊರಗೇ ಬರುತ್ತಿಲ್ಲವೆಂದರೆ ಒಳಗಿನ ಶಾಖ ಮಿತಿಮೀರಿ ಯಂತ್ರ ತಾನೇ ಉರಿ ಆರಿಸಿಕೊಳ್ಳುತ್ತಿದೆ. ದೋಷ ಡ್ರೈಯರಿನದಲ್ಲ, ಅದರ ಕೊಳವೆಯದು.

ಡ್ರೈಯರನ್ನು ಮುಂದಕ್ಕೆಳೆದು ಹಿಂದಿನ ಕೊಳವೆ ಬಿಚ್ಚಿದಾಗ ನಾನೂ ಅಲ್ಲಿದ್ದೆ. ಒಳಗಿದ್ದದ್ದು ಎಲ್ಲರ ಮನೆಯಲ್ಲೂ ಸಿಗುವ ಹತ್ತಿಯಂಥ ಮೆತ್ತನೆಯ ಧೂಳಲ್ಲ. ಪದರಪದರವಾಗಿ ಗಟ್ಟಿಗಟ್ಟಿದ ಏನೋ ಒಂದು, ಅಶ್ವತ್ಥನಾರಾಯಣರು ಸ್ಕ್ರೂಡ್ರೈವರಿನಿಂದ ಎಬ್ಬಿಸಿದರೆ ಹಪ್ಪಳದ ಹಾಗೆ ಲಟಲಟ ಮುರಿಯಿತು. ಇದಕ್ಕೆ ಬೆಂಕಿ ತಗುಲದಿದ್ದದ್ದು, ಕೆಟ್ಟ ಗಾಳಿ ಮನೆಯೊಳಗೆ ತುಂಬದಿದ್ದದ್ದು ನಮ್ಮ ಪುಣ್ಯ ಎಂದು ಅವರು ಬೆವರು ಒರೆಸಿಕೊಂಡರು. ಏನಿದು ಎಂದು ಅವರೂ ನಾನೂ ತಲೆ ಕೆರೆದುಕೊಳ್ಳುತ್ತಿರುವಾಗ ಕೌಸಲ್ಯಾ ಮೇಲೆ ಹೋಗಿ ಟಿಂಕ್ಚರ್ ಅಯೋಡಿನ್ ಬಾಟಲಿ ತಂದರು. ತುಂಡಿನ ಮೇಲೆ ಒಂದು ಹನಿ ಬಿಟ್ಟರು. ಹನಿ ಬಿದ್ದ ಕಡೆ ಕಡುನೀಲಿಯಾಯಿತು.

"ಸ್ಟಾರ್ಚ್. ನನ್ನ ಗಂಜಿನೇ," ಎಂದರು.

ಸೀರೆಯಿಂದ ಉದುರಿದ ಗಂಜಿ, ಟವೆಲ್ಲಿನ ನೂಲು, ಒದ್ದೆ ಗಾಳಿ ಮೂರೂ ಕೂಡಿ ಕೊಳವೆಯೊಳಗೆ ವರ್ಷಗಟ್ಟಲೆ ಗೋಡೆ ಕಟ್ಟಿದ್ದವು. ಅಶ್ವತ್ಥನಾರಾಯಣರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಕೌಸಲ್ಯಾ ಜಗಳಕ್ಕೆ ನಿಲ್ಲುತ್ತಿದ್ದರು, ಎಲ್ಲ ಸರಿಹೋಗುತ್ತಿತ್ತು. ತಮ್ಮ ವಿರುದ್ಧ ತಾವೇ ಸಾಕ್ಷಿ ಒದಗಿಸಿದ ಮೇಲೆ ತೀರ್ಪನ್ನೂ ಅವರೇ ಕೊಟ್ಟುಕೊಂಡರು: ಇನ್ನು ಮೇಲೆ ಮನೆಯಲ್ಲಿ ಗಂಜಿ ಇಲ್ಲ.

ಕೊಳವೆ ಉಜ್ಜಿ ಜೋಡಿಸಿದ ಮೇಲೆ ಟವೆಲ್ಲುಗಳು ಬೇಗ ಬೇಗ ಒಣಗಿದವು. ಅಳಿಲುಗಳು ವಾಪಸು ಬಂದವು. ಕೌಸಲ್ಯಾ ಮಾತ್ರ ಬರಲಿಲ್ಲ. ಬಂದರೂ ಸದ್ದಿಲ್ಲದೆ, ಮೈಗಂಟಿದ ಜೋಲು ಸೀರೆಯಲ್ಲಿ, ಭುಜ ಇಳಿಸಿಕೊಂಡು ಬರುತ್ತಿದ್ದರು. ಜ್ವರ ಬಂದು ಎದ್ದವರಂತಿದ್ದರು. ಅಂಗಡಿಯ ಸ್ಪ್ರೇ ಸ್ಟಾರ್ಚ್ ತೋರಿಸಿದೆ, ಅದು ಕಾಲರಿಗೆ ಲಾಯಕ್ಕು ಎಂದರು. ನನಗೆ ಸಂಕಟವಾಯಿತು. ಇಷ್ಟು ವರ್ಷ ಮನಸ್ಸಿನಲ್ಲೇ ಅಣಕಿಸಿದ ಆ ಸರಬರ ಸದ್ದು ನನಗೇ ಬೇಕಾಗಿತ್ತು.

ಒಂದು ಮಧ್ಯಾಹ್ನ ಅವರ ಅಡಿಗೆಮನೆಯಲ್ಲಿ ಕೂತು ತಡೆಯಲಾರದೆ ಕೇಳಿಯೇಬಿಟ್ಟೆ. ಅಶ್ವತ್ಥನಾರಾಯಣರು ಪಕ್ಕದಲ್ಲೇ ಪೇಪರು ಓದುತ್ತಿದ್ದರು.

"ಅಲ್ಲ ಮಾರಾಯ್ರೆ, ಗಂಜಿ ಸೀರೆಯನ್ನು ಯಾರಾದ್ರೂ ಡ್ರೈಯರಿಗೆ ಹಾಕ್ತಾರಾ? ಎಳೆದು ಮಡಚಿ ಒಣಗಿಸುವುದಲ್ವಾ?"

"ಎಳೆಯೋಕೆ ಎರಡು ಜನ ಬೇಕಲ್ಲ, ಜಲಜಾಕ್ಷಿ," ಎಂದರು. ಮೈಸೂರಿನಲ್ಲಿ ಅಕ್ಕ ಇದ್ದಳಂತೆ. ಇವರು ಈ ತುದಿ, ಅವಳು ಆ ತುದಿ. ಇಲ್ಲಿಗೆ ಬಂದ ಮೇಲೆ ಇನ್ನೊಂದು ತುದಿಗೆ ಯಾರೂ ಇರಲಿಲ್ಲ. ಹೊರಗೆ ಹಗ್ಗ ಕಟ್ಟುವುದಕ್ಕೆ ನಮ್ಮ ಕಾಲನಿಯ ಅಸೋಸಿಯೇಷನ್ ಬಿಡುವುದಿಲ್ಲ. ಹಾಗಾಗಿ ಡ್ರೈಯರಿನಲ್ಲಿ ಅರೆಬರೆ ಒಣಗಿಸಿ, ಹಸಿ ಇರುವಾಗಲೇ ಇಸ್ತ್ರಿ ಹೊಡೆದು, ಕಾಲೇಜಿಗೆ ಓಡುತ್ತಿದ್ದರು. ದೂರುವ ದನಿಯೇನಲ್ಲ, ಪಾಠ ಹೇಳುವ ದನಿ. ಪೇಪರಿನ ಪುಟ ಬಹಳ ಹೊತ್ತು ಮಗುಚಲಿಲ್ಲ.

ಮುಂದಿನ ಶನಿವಾರ ಅವರ ಮನೆಗೆ ಹೋದರೆ ಅನ್ನದ ಗಂಜಿಯ ವಾಸನೆ. ಬೇಸ್‌ಮೆಂಟಿನಲ್ಲಿ ಕಂಬದಿಂದ ಕಂಬಕ್ಕೆ ಹಗ್ಗ ಬಿಗಿದಿತ್ತು. ಒಂದು ತುದಿಯಲ್ಲಿ ಕೌಸಲ್ಯಾ, ಇನ್ನೊಂದು ತುದಿಯಲ್ಲಿ ಎರಡೂ ಕೈಯಲ್ಲಿ ಸೆರಗಿನ ಮೂಲೆ ಹಿಡಿದು, ಮುಂಗೈವರೆಗೂ ಗಂಜಿ ಸುರಿಸಿಕೊಂಡ ಅಶ್ವತ್ಥನಾರಾಯಣರು. ಹಸಿರು ಇಳಕಲ್ ಸೀರೆ ಇಬ್ಬರ ನಡುವೆ ಬಿಗಿಯಾಗಿತ್ತು. ನಾನು ಮೆಟ್ಟಿಲ ಮೇಲೆಯೇ ನಿಂತೆ.

"ಇಷ್ಟು ವರ್ಷ ನನ್ನ ಒಂದು ಸಲಾನೂ ಕರೀಲಿಲ್ವಲ್ಲೇ," ಎಂದರು ಅವರು.

"ಕರೆದಿದ್ರೆ ನಿಮ್ಮ ಟ್ರೈನ್ ಹೋಗಿಬಿಡ್ತಿತ್ತು," ಎಂದರು ಕೌಸಲ್ಯಾ. "ಸಡಿಲ ಬಿಡಬೇಡಿ, ಎಳೀರಿ."