ಹೊಳೆ ದಡದ ಕಾವಲುಗಾರರು

ಬ್ಲಫ್‌ನ ಜಲಪಾತದಿಂದ ಕೆಳಗಡೆ, ಕಾವೇರಿ ದಡದಲ್ಲಿ ಒಬ್ಬರೇ ಇದ್ದ ಕಾವಲುಗಾರರು ನೀರಿಗಿಳಿದವರನ್ನು ಗದರುತ್ತಿರಲಿಲ್ಲ. ಒಲೆ ಹೂಡಿಕೊಂಡು ಕೂತ ನಮ್ಮಂಥ ಹೆಂಗಸರ ಬಳಿ ಬಂದು, ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ, "ಕರೀರವ್ವ, ಬಾಡು ಬೆಂದದೆ ಅನ್ರಿ" ಎನ್ನುತ್ತಿದ್ದರು. ಸೀಟಿಗೆ ಬಾರದವರೂ ಊಟಕ್ಕೆ ಬರುತ್ತಾರೆಂಬುದು ಅವರ ನಂಬಿಕೆ.

ಕಳೆದ ಬೇಸಿಗೆಯಲ್ಲಿ ನಮ್ಮೂರು ಗುತ್ತಲಿನಿಂದ ನಾವು ಅಲ್ಲಿಗೆ ಹೋದಾಗ, ಸಮುದ್ರದ ಅಲೆಯ ಮೇಲೆ ಬೋರಲು ಮಲಗಿ ತೇಲುವ ಹಲಗೆಯೊಂದನ್ನು ನನ್ನ ತಮ್ಮ ತಂದಿದ್ದ. ಮೊಣಕಾಲಿನಾಚೆ ಇಳಿಯಬಾರದು, ತೇಲುವ ಸಾಮಾನು ತರಬಾರದು ಎಂಬ ಫಲಕ ಎದುರಿಗೇ ಇತ್ತು.

"ಇದು ಮುಳುಗಲ್ಲ ಕಣಣ್ಣ" ಎಂದು ತಮ್ಮ ನಕ್ಕ.

"ಅಲಗೆ ಮುಳುಗಕ್ಕಿಲ್ಲ ಕಣ್ಲಾ, ನೀನು?" ಎಂದರು ಅವರು.

ತಮ್ಮ ಕೇಳಲಿಲ್ಲ. ಹಲಗೆಯ ಹಗ್ಗವನ್ನು ಮಣಿಕಟ್ಟಿಗೆ ಬಿಗಿದುಕೊಂಡು ತೇಲಿದ. ಸೆಳೆತಕ್ಕೆ ಹಲಗೆ ಬಂಡೆಗಳ ಸಂದಿಗೆ ಹೋಗಿ ಸಿಕ್ಕಿಕೊಂಡಿತು. ಹಗ್ಗ ಅವನನ್ನು ಬಿಡಲಿಲ್ಲ, ನೀರು ಅವನ ತಲೆಯ ಮೇಲೆ ಹರಿಯತೊಡಗಿತು. ಕಣ್ಣು ಮುಚ್ಚಿದರೆ ಈಗಲೂ ನನಗೆ ಕಾಣುವುದು ನೀರಿನ ಮೇಲೆ ಉಳಿದಿದ್ದ ಆ ಒಂದು ಕೈ.

ಕಾವಲುಗಾರರು ನಾನು ಈರುಳ್ಳಿ ಹೆಚ್ಚುತ್ತಿದ್ದ ಚಾಕುವನ್ನು ಕಿತ್ತುಕೊಂಡು ಓಡಿದರು. ಒಂದೊಂದೇ ಬಂಡೆಯನ್ನು ತಬ್ಬಿಕೊಳ್ಳುತ್ತಾ ಎದೆಮಟ್ಟದ ನೀರಿನಲ್ಲಿ ಸಾಗಿ ಹಗ್ಗ ಕೊಯ್ದರು. ತಮ್ಮನನ್ನು ಕೂದಲು ಹಿಡಿದು ದಡಕ್ಕೆ ಎಳೆತಂದರು. ಅವನು ನೀರು ಕಾರಿ, ಉಸಿರೆಳೆದುಕೊಂಡು ಅತ್ತ.

ಅವರೂ ಪಕ್ಕದಲ್ಲೇ ಕುಸಿದು ಕೂತರು. ಮೈ ಗಡಗಡ ನಡುಗುತ್ತಿತ್ತು. ನಾನು ಟವೆಲ್ ಹೊದಿಸಿ, "ಅಷ್ಟೊಂದು ಚಳಿನಾ ಅಣ್ಣ?" ಎಂದೆ.

"ಚಳಿ ಅಲ್ಲ ಕಣವ್ವ" ಎಂದರು. "ನಂಗೆ ಈಜು ಬರಕ್ಕಿಲ್ಲ."