ನನ್ನ ಕರೆಂಟ್ ಗಾಡಿಯ ಮೂರು ಸೀಟು

ನಮ್ಮ ರಾಮತೀರ್ಥ ನಗರಕ್ಕೆ ಮೊದಲ ಕರೆಂಟ್ ಕಾರು ತಂದವಳು ನಾನು. ಈಗ ಇದನ್ನು ನಾನೇ ಹೇಳಿಕೊಳ್ಳಬೇಕಾಗಿದೆ. ಆಗ ಇಡೀ ಬಡಾವಣೆಯೇ ಹೇಳುತ್ತಿತ್ತು. ಸಂಜೆಯಾದರೆ ಗೇಟಿನ ಮುಂದೆ ಜನ. "ಟೀಚರ್, ಮಳ್ಯಾಗ ಮುಟ್ಟಿದ್ರ ಶಾಕ್ ಹೊಡಿಯೂದಿಲ್ಲೇನ್ರಿ?" ಎಂದು ಒಬ್ಬರು. "ಸಪ್ಪಳನ ಇಲ್ಲಂದ್ರ ಮಲಗಿದ ನಾಯಿಗೆ ಹೆಂಗ ಗೊತ್ತಾಗ್ಬೇಕ್ರಿ?" ಎಂದು ಇನ್ನೊಬ್ಬರು. ನಾನು ಸೆರಗು ಸಿಕ್ಕಿಸಿ ನಿಂತು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದೆ. ಗೊತ್ತಿಲ್ಲದ್ದಕ್ಕೂ ಕೊಡುತ್ತಿದ್ದೆ, ಸುಳ್ಳು ಯಾಕೆ ಹೇಳಲಿ!

ಪಕ್ಕದ ತಾಲ್ಲೂಕಿನ ಖಾನಾಪುರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಕಾರು ಬಂದ ತಿಂಗಳೊಳಗೆ ಅದರ ಮೂರು ಸೀಟು ತುಂಬಿದವು. ಖಾನಾಪುರದ ಸರ್ಕಾರಿ ಆಸ್ಪತ್ರೆಯ ನರ್ಸ್, ತಾಲ್ಲೂಕು ಕಚೇರಿಯ ಗುಮಾಸ್ತೆ, ಅಲ್ಲಿಯ ಮರಾಠಿ ಶಾಲೆಯ ಬಾಯಿ, ಅಂದರೆ ಅವರ ಕಡೆಯ ಟೀಚರು. ಮೂವರೂ ನಮ್ಮ ಬಡಾವಣೆಯವರೇ. ಬಸ್ಸಿನಲ್ಲಿ ಜೋತಾಡಿಕೊಂಡು ಹೋಗುತ್ತಿದ್ದವರು ನನ್ನ ಗಾಡಿ ಹತ್ತಿದರು. ಬೆಳಿಗ್ಗೆ ಕೋಟೆ ಕೆರೆಯ ದಂಡೆ ದಾಟಿ ನಾಲ್ವರು ಹೆಂಗಸರು ಹೋಗುವಾಗ ನನ್ನ ಎದೆ ಒಂದಿಷ್ಟು ಉಬ್ಬುತ್ತಿದ್ದುದು ಖರೆ.

ಆದರೆ ನನ್ನ ಗಾಡಿಗೆ ಕಾನೂನುಗಳಿದ್ದವು. ಎ.ಸಿ. ಹಾಕುವಂತಿಲ್ಲ, ಅದು ಚಾರ್ಜ್ ತಿನ್ನುತ್ತದೆ. ಕಿಟಕಿ ಇಳಿಸುವಂತಿಲ್ಲ, ಎದುರು ಗಾಳಿಯೂ ಚಾರ್ಜ್ ತಿನ್ನುತ್ತದೆ. ಬೇಡದ ಸಾಮಾನು ತರುವಂತಿಲ್ಲ. ಎಲ್ಲಕ್ಕಿಂತ ಮೇಲಾಗಿ, ಮಾತಾಡುವಂತಿಲ್ಲ. ನನ್ನ ಕಣ್ಣು ರಸ್ತೆಯ ಮೇಲೆ ಮತ್ತು ಚಾರ್ಜಿನ ಅಂಕಿಯ ಮೇಲೆ ಇರಬೇಕು. ಹೋಗಿ ಬಂದ ಮೇಲೂ ಅರ್ಧಕ್ಕಿಂತ ಹೆಚ್ಚು ಉಳಿದಿರುತ್ತಿತ್ತು. ಆದರೂ ನನ್ನ ಅಂಜಿಕೆ ಹೋಗಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಆ ಮೂವರೂ ಬೆವರು ಒರೆಸಿಕೊಳ್ಳುತ್ತ ತುಟಿ ಬಿಚ್ಚದೆ ಕೂತಿರುತ್ತಿದ್ದರು. ನಾನು ಅದನ್ನು ಗೌರವ ಅಂದುಕೊಂಡಿದ್ದೆ!

ನಾಲ್ಕು ವರ್ಷ ಹೀಗೇ ನಡೆಯಿತು. ಅಷ್ಟರಲ್ಲಿ ಊರಿನಲ್ಲಿ ಒಂದರ ಹಿಂದೆ ಒಂದು ಕರೆಂಟ್ ಕಾರಿನ ಅಂಗಡಿ ತೆರೆದವು. ಮೊದಲು ನನ್ನ ಕಾರಿನ ಕಂಪನಿಯದೊಂದೇ ಇತ್ತು. ಆಗ ಅಲ್ಲಿ ಹೋದರೆ ಕುಂದರ್ರಿ ಅನ್ನುವವರೂ ಇರಲಿಲ್ಲ, ಬೇಕಾದರೆ ತಗೊಳ್ಳಿ, ಬೇಡವಾದರೆ ಬಿಡಿ ಎಂಬ ಮುಖ. ಈಗ ಬಾಜುವಿಗೆ ಮೂರು ಅಂಗಡಿ ಆದ ಮೇಲೆ ಅವರೇ ಫೋನ್ ಮಾಡತೊಡಗಿದರು. "ಮೇಡಂ, ಗಾಡಿ ಹೆಂಗೈತ್ರಿ? ಪುಕ್ಕಟೆ ತಪಾಸಣೆ ಐತಿ, ಬಂದ ಚಾ ಕುಡದ ಹೋಗ್ರಿ." "ಈಗ ನೆನಪಾತೇನಪ್ಪಾ ನಂದು?" ಎಂದು ಚೆನ್ನಾಗಿ ಬೈದು ಫೋನ್ ಇಟ್ಟೆ. ಆ ದಿನವೆಲ್ಲ ಖುಷಿಯಾಗಿದ್ದೆ.

ಆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ನಮ್ಮ ಹಿಂದಿನ ಓಣಿಯಲ್ಲಿ ಒಬ್ಬ ಬ್ಯಾಂಕ್ ಅಧಿಕಾರಿಣಿ ಇದ್ದಾಳೆ, ಅವಳಿಗೂ ಖಾನಾಪುರಕ್ಕೆ ವರ್ಗವಾಯಿತು. ಒಂದು ವಾರ ನನ್ನ ಮನೆಗೆ ಬಂದು, ನನ್ನ ಚಹಾ ಕುಡಿದು, ಕರೆಂಟ್ ಕಾರಿನ ಎಲ್ಲ ವಿದ್ಯೆ ಕಲಿತಳು. ಆಮೇಲೆ ಹೋಗಿ ಬೇರೆ ಕಂಪನಿಯ ಕಾರು ತಂದಳು! ನನ್ನದಕ್ಕಿಂತ ದೊಡ್ಡದು, ಮೇಲೆ ಗಾಜಿನ ಚಾವಣಿ. ನನ್ನ ಹೊಟ್ಟೆ ಉರಿದು ಹೋಯಿತು.

ಮೊದಲು ಗುಮಾಸ್ತೆ ಹೋದಳು, "ಸೊಂಟ ನೋವು ಟೀಚರ್, ಅವರ ಗಾಡ್ಯಾಗ ಕಾಲು ಚಾಚಾಕ ಬರತೈತಿ" ಎಂದು. ನರ್ಸು ನೆಪವನ್ನೂ ಹೇಳಲಿಲ್ಲ. ಮರಾಠಿ ಬಾಯಿ ಇನ್ನೊಂದು ವಾರ ಮುಖ ಬಾಡಿಸಿಕೊಂಡು ಬಂದು, ಕೊನೆಗೆ ಅವಳೂ ಹೋದಳು. ನಾನು ಒಬ್ಬಳೇ ಹೋಗತೊಡಗಿದೆ. ಮೂರು ಖಾಲಿ ಸೀಟುಗಳ ಕಡೆ ನೋಡದೆ ಗಾಡಿ ಓಡಿಸುತ್ತಿದ್ದೆ. ಆ ಮೂವರು ನನಗೆ ಬೇಕಾಗಿದ್ದರು, ಆದರೆ ಬಾಯಿ ಬಿಟ್ಟು ಕೇಳಲು ನನ್ನ ಸೊಕ್ಕು ಬಿಡಬೇಕಲ್ಲ! ಹೊಸ ಸೀಟ್ ಕವರ್ ಹಾಕಿಸಿದೆ. ಎ.ಸಿ. ಹಾಕಿಕೊಂಡು, ಅವರಿಗೆ ಕಾಣುವಂತೆ ನಿಧಾನವಾಗಿ ಅವರವರ ಗೇಟಿನ ಮುಂದೆ ಹಾದುಹೋದೆ. ನಮ್ಮೂರ ಸಿಹಿ ಕುಂದಾ ಒಂದು ಡಬ್ಬಿ ತಂದು ಕಾರಿನ ಮುಂದಿನ ಗಾಜಿನಲ್ಲಿ ಕಾಣುವಂತೆ ಇಟ್ಟೆ. ಅವರು ಬರಲಿಲ್ಲ, ಇರುವೆ ಬಂದವು. ನನ್ನ ಯಜಮಾನರು, "ಇರಬಿಗಳಿಗೂ ಕಾನೂನು ಹೇಳಿಯೇನು?" ಎಂದು ನಕ್ಕರು. ಆ ಹೊತ್ತು ಅವರಿಗೆ ಉಪ್ಪಿಲ್ಲದ ಸಾರು.

ಕೊನೆಗೆ ಒಂದು ಮಧ್ಯಾಹ್ನ ಆಸ್ಪತ್ರೆಯ ಮುಂದೆ ನರ್ಸನ್ನು ಅಡ್ಡಗಟ್ಟಿದೆ.

"ಖರೇ ಹೇಳು, ಆಕೀ ಗಾಡಿ ಅಷ್ಟ ಛಲೋ ಐತೇನು?"

ಅವಳು ಸುತ್ತ ನೋಡಿ, ಧೈರ್ಯ ಮಾಡಿ ಹೇಳಿದಳು. "ಗಾಡಿ ಯಾವುದಾದ್ರೇನ್ರಿ, ಎರಡೂ ಛಲೋನ ಅದಾವು. ನಿಮ್ಮ ಗಾಡ್ಯಾಗ ಕುಂತ್ರ ಪರೀಕ್ಷಾಕ್ಕ ಕುಂತಂಗ ಆಗ್ತೈತ್ರಿ ಟೀಚರ್. ನಕ್ಕರೂ ಬೈತೀರಿ."

ಸಂಜೆ ಮರಳುವಾಗ ದಾರಿಯ ಮಚ್ಛೆ ಊರು ಬರುವತನಕ ಅವಳನ್ನು ಮನಸ್ಸಿನಲ್ಲೇ ಬೈದೆ. ಅಷ್ಟರಲ್ಲಿ ಬೈಗುಳ ಮುಗಿದವು. ಗಿರಾಕಿ ಬೇರೆ ಅಂಗಡಿಗೆ ಹೋದ ಮೇಲೆ ಚಹಾಕ್ಕೆ ಕರೆಯುವ ಆ ಕಂಪನಿಯವರಿಗೂ, ಸೀಟು ಖಾಲಿಯಾದ ಮೇಲೆ ಎ.ಸಿ. ಹಾಕಿದ ನನಗೂ ಏನು ಫರಕು ಎಂದು ಅನಿಸಿ, ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ.

ಮರುದಿನ ಬೆಳಿಗ್ಗೆ ನನ್ನ ಕಾರನ್ನು ಮನೆಯಲ್ಲೇ ಬಿಟ್ಟು ಬ್ಯಾಂಕಿನವಳ ಗೇಟಿಗೆ ಹೋದೆ. ಆ ಮೂವರೂ ಆಗಲೇ ಒಳಗೆ ಕೂತಿದ್ದರು. "ನನಗೂ ಒಂದೀಟ ಜಾಗಾ ಐತೇನ್ರವ್ವಾ?" ಎಂದು ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು. ಬ್ಯಾಂಕಿನವಳೇ, "ಅಯ್ಯ, ಬರ್ರಿ ಟೀಚರ್, ಇದೇನ ಕೇಳೂದು!" ಎಂದಳು. ನರ್ಸು, ಮರಾಠಿ ಬಾಯಿ ಇಬ್ಬರೂ ಸರಿದು ಹಿಂದೆ ಜಾಗ ಮಾಡಿದರು. ಕೋಟೆ ದಾಟುವತನಕ ಯಾರೂ ಉಸಿರೆತ್ತಲಿಲ್ಲ, ನಾನಿದ್ದೇನಲ್ಲ!

"ಮಾತಾಡ್ರವಾ, ಇದು ನನ್ನ ಗಾಡಿ ಅಲ್ಲ" ಎಂದೆ.

ನರ್ಸು ಕಿಸಕ್ಕನೆ ನಕ್ಕಳು. ಆಮೇಲೆ ಎಲ್ಲರ ಬಾಯಿಯೂ ಒಮ್ಮೆಲೇ ತೆರೆಯಿತು. ಆ ಗದ್ದಲದಲ್ಲಿ ಮರಾಠಿ ಬಾಯಿ ಮೆಲ್ಲಗೆ ಬ್ಯಾಗಿಗೆ ಕೈ ಹಾಕಿ, ಮೂಲೆಗೆ ಅರಿಶಿನ ಹಚ್ಚಿದ ಲಗ್ನಪತ್ರಿಕೆ ತೆಗೆದು ನನ್ನ ಕೈಗಿಟ್ಟಳು.

"ಮಗಳ ಲಗ್ನ ಅದ ಟೀಚರ್. ಮೊದಲ ಪತ್ರಿಕಾ ನಿಮಗ ಕೊಡಬೇಕಂತ ನಿಮ್ಮ ಗಾಡ್ಯಾಗನ ಎರಡ ಸಲ ತಗದಿದ್ದೆ. ಪಿರನವಾಡಿ ದಾಟೂತನಾ ಮಾತಾಡಬ್ಯಾಡ್ರಿ ಅಂದ್ರಿ. ದಾಟಿದ ಮ್ಯಾಲ ಮಚ್ಛೆ ದಾಟ್ಲಿ ಅಂದ್ರಿ. ಗಾಡಿ ಬಿಟ್ಟ ಮ್ಯಾಲ ಮನೀಗೆ ಬರಾಕ ಅಂಜಿಕಿ ಆತು."

ನಾಲ್ಕು ವರ್ಷ ದಿನಾ ಎರಡು ಹೊತ್ತು ನನ್ನ ಬೆನ್ನ ಹಿಂದೆ ಕೂತಿದ್ದ ಹೆಂಗಸಿಗೆ ಮಗಳಿದ್ದಾಳೆ ಎಂಬುದೇ ನನಗೆ ಗೊತ್ತಿರಲಿಲ್ಲ. ಹುಡುಗಿಯ ಹೆಸರನ್ನು ಪತ್ರಿಕೆಯಲ್ಲಿ ಓದಿಕೊಂಡೆ. ನಾಚಿಕೆಯಿಂದ ಮುಖ ಬಿಸಿಯಾಯಿತು. "ತಪ್ಪಾತವ್ವಾ" ಎಂದು ಅವಳ ಕೈ ಹಿಡಿದುಕೊಂಡೆ. "ಈಗ ಹೇಳ್ರಿ. ಹುಡುಗ ಯಾರು, ಎಲ್ಲಿ ಕುದುರ್ತು, ಎಲ್ಲಾ ಮೊದಲಿಂದ ಹೇಳ್ರಿ."

ಅವಳು ಕಣ್ಣೊರೆಸಿಕೊಂಡು ಶುರು ಮಾಡಿದಳು. ಖಾನಾಪುರ ಬಂತು, ನಮ್ಮ ಹೈಸ್ಕೂಲಿನ ಮುಂದೆ ಗಾಡಿ ನಿಂತಿತು. ಕಥೆ ಇನ್ನೂ ಹುಡುಗನ ಕಡೆಯವರು ನೋಡಲು ಬಂದ ದಿನದಲ್ಲೇ ಇತ್ತು.

"ಟೀಚರ್, ನಿಮ್ಮ ಸಾಲಿ ಗಂಟಿ ಹೊಡೀತ್ರಿ" ಎಂದಳು ಬ್ಯಾಂಕಿನವಳು.

"ಹೊಡೀಲಿ ಬಿಡು" ಎಂದೆ. "ನೀವು ಹೇಳ್ರಿ ಬಾಯಿ, ಮುಂದ ಏನಾತು?"