ಶಬ್ದ ಡಬ್ಬಿಯಲ್ಲಿತ್ತು, ಗುಳಿಗೆ ನನ್ನ ಕಿವಿಗೆ

ವಿದ್ಯಾನಗರದ ಕಿವಿಯ ಡಾಕ್ಟರೊಬ್ಬರು ಮೊನ್ನೆ ನಾನು ಕೇಳಿದ ಪ್ರಶ್ನೆಗೆ ನನ್ನ ಮಗನ ಮುಖ ನೋಡಿ ಉತ್ತರ ಕೊಟ್ಟರು.

ಪ್ರಶ್ನೆ ಸರಳವಾಗಿತ್ತು. ಹೆಡ್‌ಫೋನ್ ಹಾಕಿಕೊಂಡಾಗ ಮಾತ್ರ ನನಗೆ ಒಂದು ಶಬ್ದ ಕೇಳಿಸುತ್ತದೆ. ತೆಗೆದಿಟ್ಟರೆ ಕೇಳಿಸುವುದಿಲ್ಲ. ದೋಷ ನನ್ನ ಕಿವಿಯೊಳಗೇ ಇದ್ದಿದ್ದರೆ ತೆಗೆದ ಮೇಲೂ ಕೇಳಿಸಬೇಕಾಗಿತ್ತಲ್ಲವೇ?

ಡಾಕ್ಟರು ಮಗನತ್ತ ತಿರುಗಿದರು. ‘ಏಜ್ ಆದಮ್ಯಾಲ ಇವೆಲ್ಲಾ ಕಾಮನ್ ಇರತಾವ್ರಿ. ಊಟ ಆದಮ್ಯಾಲ ಇವರಿಗೆ ಇದೊಂದು ಗುಳಗಿ ಕೊಡ್ರಿ. ಭಾಳ ಮನಸಿಗೆ ಹಚ್ಕೊಬ್ಯಾಡ್ರಿ ಅಂತ ಹೇಳ್ರಿ.’

‘ಇವರಿಗೆ’ ಅಂತೆ. ‘ಹೇಳ್ರಿ’ ಅಂತೆ. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ಫೀ ಕೊಟ್ಟವನೂ ನಾನೇ.

ನಿವೃತ್ತಿಯವರೆಗೂ ಕಾಲೇಜಿನಲ್ಲಿ ಗಣಿತ ಕಲಿಸಿದವನು ನಾನು. ಸಾಬೀತಾಗದ ಮಾತನ್ನು ಒಪ್ಪದಿರುವುದೇ ನನ್ನ ವೃತ್ತಿಯಾಗಿತ್ತು. ಆದ್ದರಿಂದ ಈ ಗುಳಿಗೆಯ ಹಿಂದಿನ ಕಥೆಯನ್ನು ಮೊದಲಿನಿಂದ ಹೇಳುವುದು ನನ್ನ ಹಕ್ಕು.

ಧಾರವಾಡದಲ್ಲಿ ನಾವು ಕೆಲವರು ಸೇರಿ ನಡೆಸುವ ಒಂದು ಸಂಗೀತ ಮಂಡಳಿಯಿದೆ. ಪ್ರತಿ ವರ್ಷ ಎಳೆಯ ಗಾಯಕರ ಸ್ಪರ್ಧೆ ಇರುತ್ತದೆ. ಮೊದಲ ಸುತ್ತಿಗೆ ಮಕ್ಕಳು ಮನೆಯಲ್ಲೇ ಹಾಡಿ ರೆಕಾರ್ಡಿಂಗ್ ಕಳಿಸುತ್ತಾರೆ. ತೀರ್ಪುಗಾರರು ತಮ್ಮ ತಮ್ಮ ಮನೆಯಲ್ಲಿ ಕುಳಿತು ಕೇಳಿ ಅಂಕ ಕೊಡುತ್ತಾರೆ. ನನಗೆ ಹಾಡಲು ಬಾರದು. ಕೇಳಲು ಬರುತ್ತದೆ. ಆ ಒಂದೇ ಅರ್ಹತೆಯ ಮೇಲೆ ತೀರ್ಪುಗಾರನ ಸ್ಥಾನ ನನಗೆ ಬಂದಿತ್ತು. ನಿವೃತ್ತಿಯ ನಂತರ ಈ ಜಗತ್ತು ನನ್ನನ್ನು ಕೇಳುತ್ತಿದ್ದ ಏಕೈಕ ಅಭಿಪ್ರಾಯವೂ ಅದೇ. (ಮನೆಯಲ್ಲಿ ಬದನೆಕಾಯಿ ತರಬೇಕೋ ಬೇಡವೋ ಎಂದೂ ಯಾರೂ ಕೇಳುವುದಿಲ್ಲ.)

ಈ ಕೆಲಸಕ್ಕೆಂದೇ ಹೆಡ್‌ಫೋನಿಗೆ ಒಂದು ಆಂಪ್ಲಿಫೈಯರ್ ಕೊಂಡಿದ್ದೇನೆ. ಊಟದ ಡಬ್ಬಿಯಷ್ಟು ದೊಡ್ಡದು, ಉಕ್ಕಿನ ಮೈ, ಮೂರು ಪಿನ್ನಿನ ಪ್ಲಗ್ಗು. ಕಂಪ್ಯೂಟರಿನಿಂದ ಬಂದ ಹಾಡನ್ನು ಕಸುವು ತುಂಬಿ ಸ್ವಚ್ಛವಾಗಿ ಕಿವಿಗೆ ಮುಟ್ಟಿಸುವುದು ಅದರ ಕೆಲಸ. ಈ ವರ್ಷ ಅದು ಹಾಡಿನ ಜೊತೆ ಇನ್ನೊಂದನ್ನೂ ಮುಟ್ಟಿಸತೊಡಗಿತು. ಕಾದ ಎಣ್ಣೆಗೆ ಹಪ್ಪಳ ಬಿಟ್ಟಾಗ ಏಳುವಂಥ ಚುರುಚುರು, ಅದರಡಿಗೆ ಗುಂಯ್ ಎನ್ನುವ ಒಂದು ಎಳೆ. ಹುಡುಗಿಯೊಬ್ಬಳು ಮಂದ್ರದಲ್ಲಿ ಷಡ್ಜ ಹಚ್ಚಿ ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಸ್ವರ ಕೂದಲೆಳೆಯಷ್ಟು ಇಳಿಯಿತೋ ಇಲ್ಲವೋ ಎಂದು ನಾನು ತೀರ್ಮಾನಿಸಬೇಕು. ಅಲ್ಲಿ ಹಪ್ಪಳ ಕರಿಯುತ್ತಿದೆ. ಅಂಕ ಕೊಡುವುದು ಯಾರಿಗೆ? ಹುಡುಗಿಗೋ, ಹಪ್ಪಳಕ್ಕೋ?

ಮಂಡಳಿಯ ಕಾರ್ಯದರ್ಶಿ ಪಾಟೀಲರಿಗೆ ಮೆಸೇಜ್ ಕಳಿಸಿದೆ: ‘ಎಲ್ಲ ರೆಕಾರ್ಡಿಂಗುಗಳ ಹಿಂದೆ ಒಂದೇ ಬಗೆಯ ಶಬ್ದ ಕೇಳಿಸುತ್ತಿದೆ. ದೋಷ ಅವುಗಳದೋ ನನ್ನ ಯಂತ್ರದ್ದೋ ಎಂದು ಪರೀಕ್ಷಿಸುತ್ತಿದ್ದೇನೆ. ತುಸು ಕಾಲಾವಕಾಶ ಬೇಕು.’

ಮೂರು ವಾಕ್ಯ. ಪಾಟೀಲರು ಮೊದಲನೆಯದನ್ನು ಮಾತ್ರ ಓದಿದರು. ಸಂಜೆ ಮಂಡಳಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪ್ರಕಟಣೆ ಬಂತು: ‘ಹಿರಿಯರಾದ ಸರ್ ಅವರಿಗೆ ಕಿವಿಯ ತೊಂದರೆ ಇರುವುದರಿಂದ ಅವರ ಪಾಲಿನ ರೆಕಾರ್ಡಿಂಗುಗಳನ್ನು ಬೇರೆಯವರಿಗೆ ವಹಿಸಲಾಗಿದೆ. ಸರ್ ಶೀಘ್ರ ಗುಣಮುಖರಾಗಲಿ.’ ಅದರ ಕೆಳಗೆ ಸಾಲು ಸಾಲಾಗಿ ಕೈ ಮುಗಿದ ಚಿತ್ರಗಳು. (ಯಾರು ಯಾರು ಮುಗಿದರೆಂಬುದು ನನಗೆ ಚೆನ್ನಾಗಿ ನೆನಪಿದೆ.)

ತಕ್ಷಣ ಫೋನ್ ಮಾಡಿದೆ. ‘ಕಿವಿ ಕೆಟ್ಟೈತಿ ಅಂತ ನಾ ಎಲ್ಲಿ ಬರದಿದ್ನಿ, ಪಾಟೀಲ್ರ?’

‘ಹಂಗಲ್ರಿ ಸರ್. ನಾವೆಲ್ಲಾರೂ ಕೇಳಿ ನೋಡಿದ್ವಿ. ಯಾರಿಗೂ ಏನೂ ಕೇಳಸ್ಲಿಲ್ಲ. ನಿಮಗೊಬ್ಬರಿಗೆ ಕೇಳಸ್ತೈತಿ ಅಂದ್ರ...’

‘ಅಂದ್ರ?’

‘ವಯಸ್ಸೂ ಅಂತ ಒಂದು ಇರತೈತಲ್ರಿ.’

ಕೇಳಿಸದವನನ್ನು ಕಿವುಡ ಎನ್ನುವುದುಂಟು. ಹೆಚ್ಚು ಕೇಳಿಸಿದವನನ್ನೂ ಕಿವುಡನ ಪಟ್ಟಿಗೆ ಸೇರಿಸಿದ್ದನ್ನು ಅಂದೇ ಮೊದಲು ಕಂಡೆ.

ಸರಿ, ಪರೀಕ್ಷೆಗೆ ಕುಳಿತೆ. ವಾಲ್ಯೂಮ್ ಸೊನ್ನೆಗೆ ಇಳಿಸಿದೆ. ಹಾಡು ಹೋಯಿತು, ಹಪ್ಪಳ ಉಳಿಯಿತು. ಕಂಪ್ಯೂಟರಿನಿಂದ ಬರುವ ವೈರನ್ನೇ ಕಿತ್ತೆ. ಆಗಲೂ ಉಳಿಯಿತು. ಎಂದರೆ ಹಾಡಿದ ಮಕ್ಕಳು ನಿರಪರಾಧಿಗಳು. ಶಬ್ದ ಹುಟ್ಟುತ್ತಿರುವುದು ಆಂಪ್ಲಿಫೈಯರಿನ ಪೆಟ್ಟಿಗೆಯಲ್ಲಿ, ಇಲ್ಲವೇ ಪೆಟ್ಟಿಗೆಗೆ ಬರುವ ಕರೆಂಟಿನಲ್ಲಿ. ಮೊಬೈಲನ್ನು ಅಡುಗೆಮನೆಗೆ ಕಳಿಸಿದೆ. ಟ್ಯೂಬ್‌ಲೈಟ್ ಆರಿಸಿದೆ. ಫ್ಯಾನಿನ ರೆಗ್ಯುಲೇಟರ್ ಸದ್ದು ಮಾಡುವುದುಂಟೆಂದು ಅದನ್ನೂ ಆರಿಸಿ ಬೆವರುತ್ತ ಕುಳಿತೆ. ಬೇರೆ ಹೆಡ್‌ಫೋನ್ ಹಾಕಿ ನೋಡಿದೆ. ಹಪ್ಪಳ ಕರಿಯುತ್ತಲೇ ಇತ್ತು. ಮಧ್ಯಾಹ್ನ ವಾಷಿಂಗ್ ಮಷೀನ್ ತಿರುಗುವಾಗಲಂತೂ ಅದಕ್ಕೆ ಎಲ್ಲಿಲ್ಲದ ಹುರುಪು. (ಪ್ರತಿ ಆಂಪ್ಲಿಫೈಯರಿಗೂ ತನ್ನದೇ ಒಂದು ಮಂದ ಉಸಿರಿರುತ್ತದೆ, ನಿಶ್ಶಬ್ದ ಕೋಣೆಯಲ್ಲಿ ಸುಯ್ ಎಂದು ಕೇಳುವಂಥದು. ಅದು ನನಗೆ ಗೊತ್ತಿದೆ. ಅದರ ಮೇಲೆ ನನ್ನ ದೂರಿಲ್ಲ.)

ಮಗ ಬಸವರಾಜನನ್ನು ಕರೆದೆ. ಹಾರ್ಡ್‌ವೇರ್ ಅಂಗಡಿ ನಡೆಸುವವನು, ವ್ಯವಹಾರಸ್ಥ. ಪೆಟ್ಟಿಗೆಯನ್ನು ಅಂಗೈಯಲ್ಲೆತ್ತಿ ತೂಗಿ ನೋಡುತ್ತ ಹೆಡ್‌ಫೋನ್ ಹಾಕಿಕೊಂಡ. ‘ಏನಿಲ್ರಿ ಅಪ್ಪಾ. ಕ್ಲೀನ್ ಐತಿ.’

ಪಾಟೀಲರು ಮೋಸಂಬಿ ಹಿಡಿದುಕೊಂಡು ಆರೋಗ್ಯ ವಿಚಾರಿಸಲು ಬಂದರು. (ಹಾಸಿಗೆ ಹಿಡಿದವರಿಗೆ ತರುವ ಮೋಸಂಬಿ.) ಅವರೂ ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಕಣ್ಣು ಮುಚ್ಚಿ ಕೇಳಿದರು. ‘ಎಳ್ಳಷ್ಟೂ ಇಲ್ರಿ ಸರ್.’

ಪೇಟೆಯಲ್ಲಿ ಕೊಂಡ ಅಂಗಡಿಗೇ ಒಯ್ದೆ. ಅಂಗಡಿಯವ ಅದನ್ನು ಎಡಗೈಯಲ್ಲಿ ಹಿಡಿದು ಕೇಳಿ ತೀರ್ಪು ಕೊಟ್ಟ. ‘ಮಿಷಿನ್ ಬರೋಬ್ಬರಿ ಐತ್ರಿ ಅಜ್ಜಾರ.’ ಅಲ್ಲಿ ಮೇಜಿನ ಮೇಲಿಟ್ಟು ನಾನೂ ಕೇಳಿದೆ. ಸತ್ಯ ಹೇಳಬೇಕು, ಶಬ್ದ ಇರಲಿಲ್ಲ. ಅಂದರೆ ದೋಷ ಪೆಟ್ಟಿಗೆಯದಲ್ಲ, ನಮ್ಮ ಮನೆಯದು. ಹಾಗೆಂದು ಮಗನಿಗೆ ಹೇಳಿದೆ.

‘ಪ್ಯಾಟಿ ಗದ್ಲದಾಗ ನಿಮಗ ಕೇಳಸಿರಂಗಿಲ್ಲ ಬಿಡ್ರಿ ಅಪ್ಪಾ.’

ಗಮನಿಸಿ. ಮನೆಯಲ್ಲಿ ಕೇಳಿಸಿದರೆ ಕಿವಿಯ ದೋಷ. ಅಂಗಡಿಯಲ್ಲಿ ಕೇಳಿಸದಿದ್ದರೂ ಕಿವಿಯ ದೋಷ. ಯಾವ ದಾರಿಯಿಂದ ಹೊರಟರೂ ಒಂದೇ ಉತ್ತರಕ್ಕೆ ಬಂದು ಮುಟ್ಟುವ ಇಂಥ ಪ್ರಮೇಯವನ್ನು ನಾನು ಎಂದೂ ಕಲಿಸಿರಲಿಲ್ಲ. ಮರುದಿನವೇ ಡಾಕ್ಟರ ಅಪಾಯಿಂಟ್‌ಮೆಂಟ್.

ಅಲ್ಲಿಂದ ಬಂದ ಮೇಲೆ ಗುಳಿಗೆಯ ಚೀಟಿಯನ್ನು ಪಕ್ಕಕ್ಕಿಟ್ಟು ಒಂದೇ ಪ್ರಶ್ನೆ ಕೇಳಿಕೊಂಡೆ. ಮನೆ ಅದೇ, ಪೆಟ್ಟಿಗೆ ಅದೇ, ಹೆಡ್‌ಫೋನ್ ಅದೇ. ಅವರಿಗೆ ಕೇಳಿಸುವುದಿಲ್ಲ, ನನಗೆ ಕೇಳಿಸುತ್ತದೆ. ಕಿವಿಯನ್ನು ಬಿಟ್ಟರೆ ಇನ್ನೇನು ವ್ಯತ್ಯಾಸವಿದೆ?

ಕೈ.

ನಮ್ಮ ಕಡೆಯ ಹಳೆಯ ಕೇಳುಗರಿಗೆ ಒಂದು ಶಿಸ್ತಿತ್ತು. ಚಿಕ್ಕಂದಿನಲ್ಲಿ ನನ್ನನ್ನು ಹಾಡಿನ ಬೈಠಕ್ಕಿಗೆ ಕರೆದೊಯ್ಯುತ್ತಿದ್ದ ಸೋದರಮಾವ ಹೇಳುತ್ತಿದ್ದರು: ‘ಕೈ ತೊಡಿ ಮ್ಯಾಲೆ ಇಟ್ಟು ಕೂಡು. ಕೈ ಆಡಸಾವ ತನ್ನ ಕೈ ಕೇಳತಾನ, ಹಾಡು ಕೇಳಂಗಿಲ್ಲ.’ ತಾಳ ಹಾಕುವವರನ್ನು, ಗಾಳಿಯಲ್ಲಿ ಆಲಾಪ ಬರೆಯುವವರನ್ನು ಆ ತಲೆಮಾರು ಕಣ್ಣಲ್ಲೇ ಎಬ್ಬಿಸಿ ಕಳಿಸುತ್ತಿತ್ತು. ನಾನು ಇಂದಿಗೂ ಹಾಗೆಯೇ ಕೇಳುತ್ತೇನೆ. ಪೆಟ್ಟಿಗೆ ಮೇಜಿನ ಮೇಲೆ, ಕೈ ತೊಡೆಯ ಮೇಲೆ. ಪರೀಕ್ಷಿಸಲು ಬಂದವರೆಲ್ಲ ಸಂತೆಯಲ್ಲಿ ತೆಂಗಿನಕಾಯಿ ಕೊಳ್ಳುವವರಂತೆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಕೇಳಿದ್ದರು.

ಹೆಡ್‌ಫೋನ್ ಹಾಕಿಕೊಂಡೆ. ಹಪ್ಪಳ ಕರಿಯುತ್ತಿತ್ತು. ಒಂದು ಬೆರಳು ಚಾಚಿ ಪೆಟ್ಟಿಗೆಯ ಉಕ್ಕಿನ ಮೈ ಮುಟ್ಟಿದೆ. ಶಬ್ದ ಕುಸಿಯಿತು. ಬೆರಳು ತೆಗೆದೆ. ಬಂತು. ಮುಟ್ಟಿದೆ. ಹೋಯಿತು. ಬೆರಳ ತುದಿಯಲ್ಲಿ ಇರುವೆ ಹರಿದಂತೆ ಸಣ್ಣದೊಂದು ಜುಮ್.

ಬಸವರಾಜನನ್ನು ಅಂಗಡಿಯಿಂದ ಕರೆಸಿದೆ. ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಅವನ ಕೈ ತಾನಾಗಿ ಪೆಟ್ಟಿಗೆಯತ್ತ ಹೋಯಿತು.

‘ಮುಟ್ಟಬ್ಯಾಡ. ಕೈ ತೊಡಿ ಮ್ಯಾಲೆ ಇಡು.’

‘ಯಾಕ್ರಿ?’

‘ಇಡು.’

ಇಟ್ಟ. ಮುಖ ನಿಧಾನವಾಗಿ ಬದಲಾಯಿತು. ಸಣ್ಣ ದನಿಯಲ್ಲಿ ಅಂದ, ‘ಐತ್ರಿ.’

‘ಜೋರ ಹೇಳು. ನನಗ ಕಿವಿ ಕೇಳಂಗಿಲ್ಲಲ್ಲ.’

ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಕೇಳಿದಳು, ‘ಬೆರಳಿಗೆ ಜುಮ್ ಅಂತೈತೇನ್ರಿ ಅದು? ವಾಷಿಂಗ್ ಮಷಿನ್ ಮುಟ್ಟಿದ್ರ ನನಗ ದಿನಾ ಹಂಗ ಆಗತೈತಿ.’

ಅವಳು ಇದನ್ನು ಮೊದಲೂ ಹೇಳಿದ್ದಳು. ಆಗ ಮನೆಯವರೆಲ್ಲ ಸೇರಿ ‘ನರದ ವೀಕ್ನೆಸ್’ ಎಂದು ನಿರ್ಧರಿಸಿ ವಿಟಮಿನ್ ಗುಳಿಗೆ ತಂದುಕೊಟ್ಟಿದ್ದರು. ಈಗ ಅವಳೇ ಲೆಕ್ಕ ಬಿಡಿಸಿದಳು: ‘ಖರೇನ ಛಲೋ ಆತು ತಗೋರಿ. ನೀವು ಕಿವಿ ಅಂದ್ರಿ, ನಾ ಬೆರಳು ಅಂದ್ನಿ. ಇಬ್ಬರಿಗೂ ಗುಳಗಿ ಕೊಟ್ರು. ಕೆಟ್ಟಿದ್ದು ಮನಿ.’

ಪೆಟ್ಟಿಗೆಯನ್ನು ಮುಟ್ಟಿದಾಗ ಶಬ್ದ ಇಳಿಯುತ್ತದೆಂದರೆ, ನೆಲಕ್ಕೆ ಇಳಿದು ಹೋಗಬೇಕಾದ ಸೋರು ಕರೆಂಟು ನನ್ನ ಮೈಯ ಮೂಲಕ ಇಳಿಯುತ್ತಿದೆ ಎಂದರ್ಥ. ಮನೆಯ ಅರ್ಥಿಂಗ್ ಮಾಡಬೇಕಾದ ಕೆಲಸವನ್ನು ನಾನೂ ನನ್ನ ಹೆಂಡತಿಯೂ ಮಾಡುತ್ತಿದ್ದೆವು. ಹಾಗಾದರೆ ಅರ್ಥಿಂಗ್ ಎಲ್ಲಿ ಹೋಯಿತು?

ಉಣಕಲ್ಲಿನ ಈ ಮನೆ ಕಟ್ಟಿಸುವಾಗ ಅಂಗಳದ ಮೂಲೆಯಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಕೊಳವೆ ಇಳಿಸಿದ್ದು ನಾನೇ ನಿಂತು ಮಾಡಿಸಿದ ಕೆಲಸ. ಆ ಗುಂಡಿ ಒಣಗಬಾರದು, ಒಣ ಮಣ್ಣು ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ನಲ್ಲಿಯಲ್ಲಿ ನೀರು ಬರುವುದೇ ಹಬ್ಬವಾಗಿರುವ ಊರು ನಮ್ಮದು. ನೀರು ಬಂದ ದಿನ ಬ್ಯಾರಲ್ಲು, ಬಕೆಟ್ಟು, ತಪೇಲಿಗಳೆಲ್ಲ ತುಂಬಿದ ಮೇಲೆ ಒಂದು ಕೊಡ ಆ ಗುಂಡಿಗೂ ಸುರಿಯುತ್ತಿದ್ದೆ. ‘ಮಣ್ಣಿಗೆ ಯಾಕ ಚೆಲ್ಲತೀರಿ, ಗಿಡಕ್ಕರ ಹಾಕ್ರಿ’ ಎಂದು ಓಣಿಯವರು ನಕ್ಕಿದ್ದರು. ಮೂರು ತೂತಿನ ಸಾಕೆಟ್ಟಿನಲ್ಲಿ ಅರ್ಥಿಂಗಿನ ಮೂರನೆಯದಕ್ಕೆ ಪೆನ್ನಿನ ತುದಿ ಚುಚ್ಚಿ ಎರಡು ಪಿನ್ನು ತುರುಕುವ ಜನ. ಅವರಿಗೆ ಆ ಮೂರನೆಯ ತೂತು ಚೆಂದಕ್ಕೆ.

ಕಳೆದ ಬೇಸಿಗೆಯಲ್ಲಿ ನಾನು ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಹೆಂಡತಿಯ ಜೊತೆ ಧಾರವಾಡದಲ್ಲಿ ಮಗಳ ಮನೆಯಲ್ಲಿದ್ದಾಗ ಬಸವರಾಜ ಕಾರು ನಿಲ್ಲಿಸಲೆಂದು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದ. ನನಗೆ ಒಂದು ಮಾತು ತಿಳಿಸಲಿಲ್ಲ. ಬಂದವನೇ ಕೇಳಿದ್ದೆ, ಗುಂಡಿ ಎಲ್ಲಿ ಎಂದು. ‘ಟೈಲ್ಸ್ ಕೆಳಗ ಐತ್ರಿ ಅಪ್ಪಾ, ಎಲ್ಲಿ ಓಡಿ ಹೋಗತೈತಿ?’ ಎಂದಿದ್ದ. ಅಂದು ಅವನು ನಕ್ಕಿದ್ದೂ ನನಗೆ ನೆನಪಿದೆ.

ಮೂಲೆಯ ಟೈಲ್ಸ್ ಎಬ್ಬಿಸಿದೆವು. ಗುಂಡಿ ಓಡಿ ಹೋಗಿರಲಿಲ್ಲ, ನಿಜ. ಒಣಗಿ ಬಿರಿದಿತ್ತು. ಗುಂಡಿಯಿಂದ ಮನೆಯೊಳಗೆ ಹೋಗುವ ಲೋಹದ ಪಟ್ಟಿ ಮಾತ್ರ ನಡುವೆ ಕತ್ತರಿಸಿ ಹೋಗಿತ್ತು. ಕೆಲಸ ಮಾಡಿಸಿದ ಕಾಂಟ್ರಾಕ್ಟರ್ ಫೋನಿನಲ್ಲಿ ಶಾಂತವಾಗಿ ವಿವರಿಸಿದ. ‘ಅದು ಅಡ್ಡ ಬರತಿತ್ರಿ ಸಾಹೇಬ್ರ. ಟೈಲ್ಸ್ ಲೆವಲ್ ಕೂಡಂಗಿದ್ದಿಲ್ಲ.’

ಅಂಗಳ ಲೆವಲ್ ಆಯಿತು. ಒಳಗೆ ಗೀಸರ್, ಫ್ರಿಜ್, ವಾಷಿಂಗ್ ಮಷೀನ್ ಎಲ್ಲವೂ ನೆಲದ ನಂಟು ಕಳೆದುಕೊಂಡು ಕುಳಿತಿದ್ದವು. ಅವುಗಳಲ್ಲಿ ಒಂದು ಕೆಟ್ಟು ಮೈಗೆ ಪೂರಾ ಕರೆಂಟು ಬಂದಿದ್ದರೆ? ಒದ್ದೆ ಕೈಯಲ್ಲಿ ನನ್ನ ಹೆಂಡತಿ ಅದನ್ನು ಮುಟ್ಟಿದ್ದರೆ? ಆಗಲೂ ಈ ಜನ ‘ವಯಸ್ಸಾಗಿತ್ತು’ ಎನ್ನುತ್ತಿದ್ದರು. ಸಂದೇಹವಿಲ್ಲ.

ಮೂವತ್ತರ ಹುಡುಗ ‘ಶಬ್ದ ಬರುತ್ತಿದೆ’ ಎಂದರೆ ವೈರು ನೋಡುತ್ತಾರೆ, ಸೆಟ್ಟಿಂಗ್ ನೋಡುತ್ತಾರೆ. ಎಪ್ಪತ್ತು ದಾಟಿದವನು ಅದನ್ನೇ ಹೇಳಿದರೆ ಅವನನ್ನೇ ನೋಡುತ್ತಾರೆ. ನಮ್ಮ ಮಾತನ್ನು ಮಾಹಿತಿ ಎಂದು ಯಾರೂ ಸ್ವೀಕರಿಸುವುದಿಲ್ಲ. ರೋಗದ ಲಕ್ಷಣ ಎಂದು ಸ್ವೀಕರಿಸುತ್ತಾರೆ. ಇದರಲ್ಲಿ ಕ್ರೌರ್ಯವಿಲ್ಲವಂತೆ, ಕಾಳಜಿಯಂತೆ. ಮೋಸಂಬಿ ತರುತ್ತಾರಲ್ಲ.

ಹೊಸ ಪಟ್ಟಿ ಹಾಕಿಸಿದೆ. ಗುಂಡಿಯ ಬಾಯಿ ತೆರೆದಿಡಿಸಿ ನೀರು ಹಾಕಿದೆ. (ಕಾರು ಈಗ ಅಷ್ಟು ಈಚೆಗೆ ನಿಲ್ಲುತ್ತದೆ. ನಿಲ್ಲಲಿ.) ಒಳಗೆ ಬಂದು ಕೈ ತೊಡೆಯ ಮೇಲಿಟ್ಟು ಕುಳಿತೆ. ಪೆಟ್ಟಿಗೆಯ ಮಂದ ಉಸಿರನ್ನು ಬಿಟ್ಟರೆ ಏನೂ ಇಲ್ಲ. ಆ ಹುಡುಗಿಯ ಷಡ್ಜ ಹಚ್ಚಿ ಕೇಳಿದೆ. ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಪಾಟೀಲರಿಗೆ ಫೋನ್ ಮಾಡಿ ಪೂರ್ತಿ ವಿವರಿಸಿದೆ. ಗುಂಪಿನಲ್ಲಿ ತಿದ್ದುಪಡಿ ಹಾಕಬೇಕು, ನನ್ನ ಪಾಲಿನ ರೆಕಾರ್ಡಿಂಗುಗಳು ನನಗೆ ಮರಳಬೇಕು ಎಂದೆ.

‘ತಿದ್ದುಪಡಿ ಹಾಕೋಣ್ರಿ ಸರ್, ಅದಕ್ಕೇನಂತ.’ (ಈ ಸಾಲು ಬರೆಯುವವರೆಗೂ ಹಾಕಿಲ್ಲ.) ‘ರೆಕಾರ್ಡಿಂಗಿಂದು ಮಾತ್ರ ಮುಗದ ಹೋತ್ರಿ. ಮಾರ್ಕ್ಸ್ ಎಲ್ಲಾ ಬಂದಾವ.’

‘ಮಂದ್ರದಾಗ ಷಡ್ಜ ಹಚ್ಚಿದ್ಲಲ್ಲ, ಆ ಹುಡುಗಿಗೆ ಎಷ್ಟು ಬಂದಾವು?’

‘ಮೊದಲ್ನೇ ಸುತ್ತಿನ್ಯಾಗ ಔಟ್ ಆದ್ಲ್ರಿ ಆಕಿ. ಸ್ವರ ಸ್ವಲ್ಪ ಇಳದೈತಿ ಅಂದ್ರು.’

‘ಎಳ್ಳಷ್ಟೂ ಇಳದಿಲ್ಲ’ ಎಂದೆ. ಪಾಟೀಲರು ಅದನ್ನು ಬೇಸರ ಎಂದುಕೊಂಡರು.

‘ಬ್ಯಾಸರಾ ಮಾಡ್ಕೊಬ್ಯಾಡ್ರಿ ಸರ್. ಮುಂದಿನ ವರ್ಷ ಆ ತ್ರಾಸ ನಿಮಗ ಬ್ಯಾಡ. ನಿಮ್ಮನ್ನ ಮುಖ್ಯ ಅತಿಥಿ ಮಾಡಿ ವೇದಿಕಿ ಮ್ಯಾಲೆ ಕೂಡ್ರಸತೀವಿ. ಶಾಲು, ಹಾರ, ಎಲ್ಲಾ ವ್ಯವಸ್ಥಾ.’

ಮುಖ್ಯ ಅತಿಥಿಗೆ ಕಿವಿ ಇರಬೇಕೆಂದು ಯಾವ ಮಂಡಳಿಯಾದರೂ ಎಂದಾದರೂ ಷರತ್ತು ಹಾಕಿದ್ದುಂಟೇ?